ಆರ್ಗನ್ನಿನ ಮೇಲೊಂದು ತೆಂಗಿನಕಾಯಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಬರೆಯುವುದು ಮರುದಿನ ಬೆಳಿಗ್ಗೆ, ಚಹಾ ಕುಡಿಯುತ್ತಾ. ಅಷ್ಟರಲ್ಲಿ ಮನಸ್ಸು ತನಗೆ ಬೇಕಾದ ತಿದ್ದುಪಡಿಗಳನ್ನೆಲ್ಲ ಮಾಡಿ ಮುಗಿಸಿರುತ್ತದೆ. ಎದುರಿನವರು ಬಾಯಿ ಮುಚ್ಚುವಂಥ ಉತ್ತರ ಕೊಟ್ಟೆನೆಂದು ನಾನು ಬರೆದಿಟ್ಟುಕೊಂಡ ಎಷ್ಟೋ ಜಗಳಗಳಲ್ಲಿ ನಾನು ಬಾಯಿಯನ್ನೇ ತೆರೆದಿರಲಿಲ್ಲವೆಂದು ಮನೆಯವರು ಹೇಳುತ್ತಾರೆ. ಇದೂ ಹಾಗೇ. ಆ ಸಂಜೆಯ ಪೈಪ್ ಆರ್ಗನ್ನಿನ ಕೊಳವೆಗಳು ನನ್ನ ನೆನಪಿನಲ್ಲಿ ಬಂಗಾರದ ಬಣ್ಣದವು. ಅಣ್ಣನ ಮಗಳು ಗೌರಿ ಅವು ಬೂದು ಬಣ್ಣದವು, ತುದಿಯಲ್ಲಿ ಜೇಡರ ಬಲೆಯೂ ಇತ್ತು ಎನ್ನುತ್ತಾಳೆ. ಅವಳು ವಾರವಾರ ಅದರ ಪಕ್ಕ ನಿಂತು ಅಭ್ಯಾಸ ಮಾಡಿದವಳು, ನಾನು ರೇಷ್ಮೆ ಸೀರೆ ಉಟ್ಟು ಒಂದೇ ಒಂದು ಸಂಜೆ ನಿಂತವಳು. ಬಂಗಾರ ನನ್ನ ಸೀರೆಯ ಅಂಚಿನದೇ ಇರಬೇಕು.

ಅಣ್ಣ ಅಮರೇಶನಿಗೆ ದೇವದುರ್ಗದಲ್ಲಿ ಬಟ್ಟೆ ಅಂಗಡಿ. ಮಗಳು ಪಿಯುಸಿಯಲ್ಲಿ ಸೈನ್ಸ್ ಓದಲೆಂದು ರಾಯಚೂರಿನ ನಮ್ಮ ಮನೆಯಲ್ಲಿ ತಂದು ಬಿಟ್ಟ. ಅವಳು ಸೈನ್ಸ್ ಓದುತ್ತಲೇ, ಹಳೆಯ ಚರ್ಚೊಂದರಲ್ಲಿ ಆರ್ಗನ್ ನುಡಿಸುವ ಜಯರಾಜ ಮಾಸ್ತರ ಕೈಗೆ ಸಿಕ್ಕಳು. ಮಾಸ್ತರು ಊರಿನ ಗಲ್ಲಿಗಲ್ಲಿಯ ಹುಡುಗರನ್ನು ಕರೆತಂದು ಯುವ ವಾದ್ಯವೃಂದವೊಂದನ್ನು ಕಟ್ಟಿದ್ದರು. ಜಾತಿ ಕೇಳುತ್ತಿರಲಿಲ್ಲ, ಅಂಕಪಟ್ಟಿ ಕೇಳುತ್ತಿರಲಿಲ್ಲ, ಹಲ್ಲು ಮಾತ್ರ ನೋಡುತ್ತಿದ್ದರು. ಗೌರಿಯ ಮುಂದಿನ ಹಲ್ಲು ನೋಡಿ ಕ್ಲಾರಿನೆಟ್ ಕೊಟ್ಟರು. ಸುದ್ದಿ ತಿಳಿದ ದಿನವೇ ಅಣ್ಣನ ಫೋನು ಬಂತು. "ಅದು ಮದ್ವಿ ಮೆರವಣಿಗ್ಯಾಗ ಬ್ಯಾಂಡಿನವ್ರು ಊದೂದಲ್ಲೇನಬೇ? ಅದಕ್ಕ ಸೈನ್ಸ್ ಯಾಕ ಓದಬೇಕು?" ನಾನು ಅವನಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಹತ್ವವನ್ನು ವಿವರಿಸಿದೆ. ಅದರ ಬಗ್ಗೆ ನನಗೆ ತಿಳಿದಿರುವುದು ಅಣ್ಣನಿಗೆ ತಿಳಿದಿರುವುದಕ್ಕಿಂತ ಹೆಚ್ಚೇನಲ್ಲ. ಆದರೆ ಯರಗೇರಾದ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಎಂ.ಎ. ಮಾಡಿದ್ದರ ಲಾಭವೇ ಅದು, ಗೊತ್ತಿಲ್ಲದ ವಿಷಯದ ಬಗ್ಗೆಯೂ ಪೂರ್ಣ ವಾಕ್ಯಗಳಲ್ಲಿ ಮಾತಾಡಲು ಬರುತ್ತದೆ. ವೃಂದದ ಸಂಗೀತ ಕಚೇರಿಯ ದಿನ ಬಂದು ಒಮ್ಮೆ ಕೇಳುತ್ತೇನೆ, ಮುಂದುವರಿಸಬೇಕೋ ಬಿಡಿಸಬೇಕೋ ಆಮೇಲೆ ಹೇಳುತ್ತೇನೆ ಎಂದು ಅಣ್ಣ ಫೋನಿಟ್ಟ.

ಗೌರಿ ಒಬ್ಬಳೇ ನುಡಿಸಬೇಕಾದ ಭಾಗದ ನಡುವೆ ಒಂದು ವಿಚಿತ್ರ ಜಾಗವಿತ್ತು. ಆರ್ಗನ್ ಏರುತ್ತ ಏರುತ್ತ ಹೋಗಿ ಗಕ್ಕನೆ ನಿಲ್ಲುತ್ತದೆ. ಆಮೇಲೆ ಏನೂ ಇಲ್ಲ, ದೀರ್ಘವಾದ ಒಂದು ಮೌನ. ಆ ಮೌನದೊಳಗಿಂದ ಕ್ಲಾರಿನೆಟ್ ಕೇಳಿಯೂ ಕೇಳಿಸದಷ್ಟು ಮೆಲ್ಲಗೆ ಶುರುವಾಗಬೇಕು. ನಮ್ಮ ಮನೆಯಲ್ಲಿ ಸ್ವರಗಳ ಅಭ್ಯಾಸ ಸುಲಭ, ಮೌನದ ಅಭ್ಯಾಸ ಕಷ್ಟ. ಅವಳು ಮೊದಲು ವಾದ್ಯದ ತುದಿಗೆ ಕಟ್ಟುವ ರೀಡು ಎಂಬ ತೆಳ್ಳಗಿನ ಜೊಂಡಿನ ಸೀಳನ್ನು ಒದ್ದೆಯಾಗಲೆಂದು ಬಾಯಲ್ಲಿ ಕಚ್ಚಿಕೊಂಡು ಕೂರುವಳು. ಅಷ್ಟು ಹೊತ್ತು ಮನೆಯಲ್ಲಿ ಶಾಂತಿ ಇರುತ್ತಿತ್ತು. ಆಮೇಲೆ ನುಡಿಸಲು ನಿಂತು, ಆ ಮೌನದ ಜಾಗಕ್ಕೆ ಬಂದಳೆಂದರೆ ಸಾಕು, ಕುಕ್ಕರ್ ಕೂಗುವುದು, ಇಲ್ಲವೇ ಉಳ್ಳಾಗಡ್ಡಿ ಮಾರುವ ಗಾಡಿಯ ಧ್ವನಿವರ್ಧಕ ನಮ್ಮ ಬಾಗಿಲಿಗೇ ಬಂದು ನಿಲ್ಲುವುದು. "ಊದೂದು ಬರ್ತದತ್ತಿ, ಸುಮ್ಮ ನಿಂದ್ರೂದಾ ಬರವಲ್ದು," ಎಂದು ಒಂದು ದಿನ ಹೇಳಿದಳು. "ಅಲ್ಲೆ ಮಂದಿ ಮುಗೀತಂತ ತಿಳಕೊಂಡು ಚಪ್ಪಾಳಿ ಹೊಡದ್ರ ನನಗ ಮತ್ತ ಶುರು ಮಾಡಾಕ ಆಗಂಗಿಲ್ಲ. ಅದೊಂದು ಆಗಲಾರದಂಗ ನೋಡಿಕೋ." ಬೇರೇನೂ ಅವಳು ಬೇಡಲಿಲ್ಲ, ಹೊಸ ಬಟ್ಟೆ ಕೂಡ.

ನೋಡಿಕೊಳ್ಳುವ ಅಧಿಕಾರ ನನಗಿತ್ತು. ನಿರೂಪಣೆ ನನ್ನದೇ. ನಮ್ಮ ಊರಿನಲ್ಲಿ ನಿರೂಪಕಿಯಾಗಲು ರೇಷ್ಮೆ ಸೀರೆ, ಸ್ಪಷ್ಟವಾದ ಷಕಾರ, ಮುಖ್ಯ ಅತಿಥಿ ಬರುವ ತನಕ ಏನಾದರೂ ಮಾತಾಡುತ್ತಲೇ ಇರುವ ತಾಕತ್ತು ಬೇಕು. ಮೂರೂ ನನ್ನಲ್ಲಿವೆ. ಆದರೆ ಕೆಲಸ ಸಣ್ಣದಲ್ಲ. ನಮ್ಮ ಕಡೆ ವೇದಿಕೆಯಲ್ಲಿ ಸದ್ದು ನಿಂತಿತೆಂದರೆ ಕಾರ್ಯಕ್ರಮ ಮುಗಿದಿರಬೇಕು, ಇಲ್ಲವೇ ಕರೆಂಟು ಹೋಗಿರಬೇಕು. ಬೇಕೆಂದೇ ಸುಮ್ಮನಿರುವುದು ಸಭಿಕರ ಅನುಭವಕ್ಕೆ ಬಂದ ಸಂಗತಿಯಲ್ಲ.

ಆ ಸಂಜೆ ಚರ್ಚಿನಲ್ಲಿ ನಡೆದ ಕಚೇರಿಗೆ ಮುಖ್ಯ ಅತಿಥಿಗಳು ಮಾನ್ವಿಯ ದೊಡ್ಡ ಅಕ್ಕಿ ವ್ಯಾಪಾರಿ. ಮಕ್ಕಳಿಗೆ ಕೂರಲು ಕುರ್ಚಿ ಕೊಡಿಸಿದ್ದರು. ಕುರ್ಚಿಗಳ ಬೆನ್ನ ಮೇಲೆ ಅವರ ಹೆಸರಿದ್ದುದರಿಂದ ಮಕ್ಕಳು ಅದಕ್ಕೆ ಒರಗಬಾರದೆಂದು ಯಾರೋ ಸೂಚಿಸಿದರು. ಇಡೀ ರಾಜ್ಯಕ್ಕೆ ಕರೆಂಟು ಕಳಿಸುವ ಜಿಲ್ಲೆಯಲ್ಲಿ ಆರ್ಗನ್ನಿನ ಗಾಳಿಯಂತ್ರಕ್ಕೆಂದು ಬಾಡಿಗೆಯ ಜನರೇಟರು ತರಿಸಿದ್ದೆವು. ಉದ್ಘಾಟನೆಗೆ ದೀಪದ ಬದಲು ಆರ್ಗನ್ನಿನ ಒಂದು ಮನೆಯನ್ನು, ಎಂದರೆ ಬೆರಳಿಡುವ ಕೀಯನ್ನು, ಒತ್ತಿಸುವುದೆಂದು ತೀರ್ಮಾನವಾಗಿತ್ತು. ವ್ಯಾಪಾರಿಗಳು ಬೆರಳಿಟ್ಟರು, ಕ್ಯಾಮೆರಾದ ಕಡೆ ತಿರುಗಿ ನಕ್ಕರು, ಫೋಟೋ ತೆಗೆಯುವವನು ಇನ್ನೊಂದು ಇನ್ನೊಂದು ಎನ್ನುತ್ತಿದ್ದ, ಅಷ್ಟು ಹೊತ್ತೂ ಆರ್ಗನ್ ಒಂದೇ ಸ್ವರದಲ್ಲಿ ಮೊಳಗುತ್ತಲೇ ಇತ್ತು. ಆಗ ನನಗೆ ಅದರ ಗುಣ ತಿಳಿಯಿತು. ವೀಣೆಯ ತಂತಿ ಮೀಟಿದರೆ ಸ್ವಲ್ಪ ಹೊತ್ತಿಗೆ ನಾದ ಆರಿಹೋಗುತ್ತದೆ, ಇದು ಹಾಗಲ್ಲ. ಬೆರಳು ಅಲ್ಲಿರುವ ತನಕ ದಣಿವಿಲ್ಲ, ಉಸಿರು ತೆಗೆದುಕೊಳ್ಳುವುದಿಲ್ಲ. ನಮ್ಮ ಸಾರ್ವಜನಿಕ ಜೀವನಕ್ಕೆ ಹೇಳಿ ಮಾಡಿಸಿದ ವಾದ್ಯ. ಆಮೇಲೆ ಅವರು ಸಮಯಪಾಲನೆಯ ಬಗ್ಗೆ ಮಾತಾಡಿದರು. ಅದು ಮುಗಿಯುವಷ್ಟರಲ್ಲಿ ತಬಲಾ ಜೊತೆಗಿನ ಒಂದು ಭಾಗವನ್ನು ಮಾಸ್ತರು ಕೈಬಿಡಬೇಕಾಯಿತು. ಅನಂತರ ಸನ್ಮಾನ. ಕುರ್ಚಿಯವರಿಗೆ, ಜನರೇಟರಿನವರಿಗೆ, ಮೈಕಿನವರಿಗೆ, ಕೊನೆಗೆ ಇಷ್ಟು ಚೆನ್ನಾಗಿ ಸನ್ಮಾನ ನಡೆಸಿಕೊಟ್ಟ ನಿರೂಪಕಿಗೆ. ಬೇಡ ಬೇಡವೆಂದು ನಾನು ಮೈಕಿನಲ್ಲೇ ಹೇಳಿದ್ದು ನನಗೆ ನೆನಪಿದೆ. ತಲೆ ಬಗ್ಗಿಸಿದ್ದು ಫೋಟೋದಲ್ಲಿದೆ.

ಗೌರಿಯ ಸರದಿಗೆ ಮುಂಚೆ ವೃಂದದ ಹುಡುಗ ಅಸ್ಲಂ ಪಿಟೀಲು ನುಡಿಸಿದ. ನಡುವೆ ಒಮ್ಮೆ ನಿಲ್ಲಿಸಿ ಹಾಳೆ ತಿರುವಿದ್ದಕ್ಕೇ ಭರ್ಜರಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಅವನ ತಾಯಿ ಎಲ್ಲರಿಗಿಂತ ಹೆಚ್ಚು ಹೊಡೆದರು. ಹುಡುಗ ತಬ್ಬಿಬ್ಬಾಗಿ ಮೊದಲಿನಿಂದ ಶುರು ಮಾಡಿದ. ಪಕ್ಕದಲ್ಲಿ ಕಾಯುತ್ತಿದ್ದ ಗೌರಿಯ ಮುಖ ನೋಡಿದೆ. ಆಗ ನಾನು ಮೈಕು ಹಿಡಿದು ಮೌನದ ಬಗ್ಗೆ ಬಹಳ ಹೊತ್ತು ಮಾತಾಡಿದೆ. ಮೌನವೂ ಸಂಗೀತವೇ ಎಂದೆ. ಬೀಜ ಮೊಳೆಯುವುದು ಮಣ್ಣಿನ ಮೌನದಲ್ಲಿ ಎಂಬಂಥದ್ದೇನೋ ಹೇಳಿದೆ. ಕೊನೆಗೆ ಶಾಲೆಯ ಮೇಡಂ ದನಿಯಲ್ಲಿ, ಈಗ ನುಡಿಸುವುದರ ನಡುವೆ ಸದ್ದು ನಿಂತರೂ ಯಾರೂ ಚಪ್ಪಾಳೆ ಹೊಡೆಯಕೂಡದು, ಮುಗಿದ ಮೇಲೆ ನಾನೇ ಕೈ ಎತ್ತುತ್ತೇನೆ, ಆಗ ಹೊಡೆಯಿರಿ ಎಂದು ತಾಕೀತು ಮಾಡಿದೆ. ಅಣ್ಣನಿಗೆ ಬಾಗಿಲಲ್ಲೇ ಬೇರೆಯಾಗಿ ಹೇಳಿದ್ದೆ. ಅವನು ಮಧ್ಯಾಹ್ನದ ಬಸ್ಸಿಗೆ ಬಂದಿದ್ದ, ಕೈಯಲ್ಲಿ ಉಬ್ಬಿದ ಕ್ಯಾರಿಬ್ಯಾಗು. "ಚಪ್ಪಾಳಿ ಹೊಡಿಯಂಗಿಲ್ಲ, ಆತು," ಎಂದಿದ್ದ. ಬ್ಯಾಗಿನಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ.

ಆರ್ಗನ್ ಏರಿತು, ಏರಿತು, ನಿಂತಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಯಾರೂ ಕೆಮ್ಮಲೂ ಇಲ್ಲ. ರಾಯಚೂರಿನಲ್ಲಿ ಅಷ್ಟು ಜನ ಒಂದೆಡೆ ಕೂತು ಅಷ್ಟು ಸುಮ್ಮನಿದ್ದುದನ್ನು ನಾನು ಕಂಡಿದ್ದಿಲ್ಲ. ನನ್ನ ಭಾಷಣದ ಬಗ್ಗೆ ನನಗೇ ಗೌರವ ಮೂಡಿತು. ಅದೇ ಹೊತ್ತಿಗೆ ಆ ಮೌನದೊಳಗಿಂದ ಒಂದು ಸದ್ದು ಎದ್ದಿತು. ಕ್ಯಾರಿಬ್ಯಾಗಿನ ಸರಬರ.

ಇಲ್ಲಿ ನಮ್ಮ ಕಡೆಯ ಆಯೇರಿಯ ಪದ್ಧತಿಯನ್ನು ಹೇಳಬೇಕು. ನಾಟಕವಾಗಲಿ, ಭಜನೆಯಾಗಲಿ, ಮನಸ್ಸಿಗೆ ಹಿಡಿಸಿದರೆ ನಮ್ಮವರು ಮುಗಿಯುವ ತನಕ ಕಾಯುವುದಿಲ್ಲ. ನಡುವೆಯೇ ವೇದಿಕೆ ಹತ್ತಿ ಶಾಲು ಹೊದಿಸಿ, ಹಾರ ಹಾಕಿ, ಕಾಯಿ ಹಣ್ಣು ಕೊಡುತ್ತಾರೆ. ಅದೇ ಆಯೇರಿ. ಚಿಕ್ಕವಳಿದ್ದಾಗ ನೋಡಿದ ಒಂದು ನಾಟಕದಲ್ಲಿ ರಾಜ ಆಗತಾನೇ ಸತ್ತಿದ್ದ, ರಾಣಿ ಅವನ ಮೇಲೆ ಬಿದ್ದು ಅಳುತ್ತಿದ್ದಳು. ಅಷ್ಟರಲ್ಲಿ ದೇವದುರ್ಗದ ಹತ್ತಿರದ ಜಾಲಹಳ್ಳಿಯ ಯಾರೋ ಹಿರಿಯರು ಹಾರ ಹಿಡಿದು ಬಂದರು. ರಾಜ ಎದ್ದು ಕೂತು ಹಾರ ಹಾಕಿಸಿಕೊಂಡು, ಕೈಮುಗಿದು, ಹೂವು ನಲುಗದಂತೆ ಮತ್ತೆ ಸತ್ತ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಚಪ್ಪಾಳೆಯನ್ನು ತಡೆಯಲು ಅಷ್ಟೆಲ್ಲ ಯೋಚಿಸಿದ ನನಗೆ ಆಯೇರಿಯ ನೆನಪೇ ಆಗಿರಲಿಲ್ಲ. ಎಂ.ಎ. ಮಾಡಿದವರಿಗೆ ತಮ್ಮ ಊರಿನದು ಕೊನೆಗೆ ನೆನಪಾಗುತ್ತದೆ.

ಅಣ್ಣ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ವೇದಿಕೆ ಹತ್ತಿದ. ಕ್ಲಾರಿನೆಟ್ ಬಾಯಿಗಿಟ್ಟು ನಿಂತ ಮಗಳಿಗೆ ಅಂಗಡಿಯ ಒಳ್ಳೆಯ ಶಾಲೊಂದನ್ನು ಹೊದಿಸಿದ. ಮಾಸ್ತರಿಗೆ ಚೆಂಡುಹೂವಿನ ಹಾರ ಹಾಕಿದ. ಹಾರ ಎಷ್ಟು ದಪ್ಪವಿತ್ತೆಂದರೆ ಅದು ಕನ್ನಡಕವನ್ನೂ ಎಳೆದುಕೊಂಡು ಇಳಿಯಿತು. ಮಾಸ್ತರು ಮರ್ಯಾದಸ್ಥರು, ಆ ಗಲಿಬಿಲಿಯಲ್ಲೂ ಎರಡೂ ಕೈ ಜೋಡಿಸಿದರು. ಉಳಿದದ್ದು ಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇದ್ದ ಸ್ಟೀಲಿನ ತಟ್ಟೆ. ಎಲ್ಲಿಡುವುದು? ಅಣ್ಣ ಸುತ್ತ ನೋಡಿದ. ಎದುರಿಗೇ ಬಿಳುಪಾಗಿ, ಚೊಕ್ಕಟವಾಗಿ, ಖಾಲಿ ಇದ್ದ ಜಾಗ ಆರ್ಗನ್ನಿನ ಮನೆಗಳು. ಅಲ್ಲಿಟ್ಟ.

ಇಡೀ ಚರ್ಚು ಭೋಂ ಎಂದಿತು. ಎಡಗಡೆಯ ಮಂದ್ರಸ್ವರಗಳು, ಎರಡೋ ಮೂರೋ, ತಟ್ಟೆಯ ಭಾರಕ್ಕೆ ಒಟ್ಟಿಗೆ ಮೊಳಗತೊಡಗಿದವು. ಅಣ್ಣ ಬೆಚ್ಚಿ ತಟ್ಟೆಗೆ ಕೈಮುಗಿದು ಕೆಳಗಿಳಿದುಬಿಟ್ಟ. ಮಾಸ್ತರು ಹೂವಿನೊಳಗೆ ಕನ್ನಡಕ ಹುಡುಕುತ್ತಿದ್ದರು. ನಾನು ತಟ್ಟೆ ತೆಗೆಯಲು ಓಡಬೇಕೆಂದುಕೊಂಡೆ, ಓಡಲಿಲ್ಲ. ಗೌರಿ ಒಮ್ಮೆ ತಟ್ಟೆಯ ಕಡೆ ನೋಡಿದಳು, ಶಾಲನ್ನು ಭುಜದ ಮೇಲೆ ಸರಿಮಾಡಿಕೊಂಡಳು, ಉಸಿರೆಳೆದು ಶುರು ಮಾಡಿದಳು. ಆ ಭೋಂಕಾರದ ಮೇಲೆ ಅವಳ ಸ್ವರ ತಂಬೂರಿಯ ಮೇಲೆ ಕೂತ ಹಾಗೆ ಕೂತಿತು. ಇದು ನನ್ನ ನೆನಪು. ಆಮೇಲೆ ಮಾಸ್ತರನ್ನು ಕೇಳಿದರೆ, ಕಾಯಿ ಸ್ವಲ್ಪ ಬಲಕ್ಕಿದ್ದರೆ ಇನ್ನೂ ಚೆನ್ನಾಗಿ ಹೊಂದುತ್ತಿತ್ತು ಎಂದರು. ಅವರು ಯಾರ ಮನಸ್ಸನ್ನೂ ನೋಯಿಸುವವರಲ್ಲ.

ಕೊನೆಯ ಸ್ವರ ಮುಗಿಯಿತು. ಮಾಸ್ತರು ತಟ್ಟೆ ಎತ್ತಿದರು. ಮತ್ತೆ ಮೌನ. ಗೌರಿ ಕ್ಲಾರಿನೆಟ್ ಇಳಿಸಿ ಸಭೆಯ ಕಡೆ ತಿರುಗಿ ನಿಂತಳು. ಸಭೆ ನನ್ನ ಕಡೆ ತಿರುಗಿ ಕೂತಿತ್ತು. ನಾನು ತಕ್ಷಣ ಕೈ ಎತ್ತಿದೆ ಎಂದು ನನ್ನ ದಿನಚರಿಯಲ್ಲಿದೆ. ಎತ್ತಲೇ ಇಲ್ಲ, ಸನ್ಮಾನದ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ ಎತ್ತಲೋ ನೋಡುತ್ತಿದ್ದೆ ಎಂದು ಉಳಿದವರೆಲ್ಲ ಹೇಳುತ್ತಾರೆ. ಹುಡುಗಿ ನಿಂತೇ ಇದ್ದಳಂತೆ. ಆ ಮೌನ ಮೊದಲಿನದಕ್ಕಿಂತ ಉದ್ದವಾಯಿತಂತೆ. ಕೊನೆಗೆ ಅಸ್ಲಂನ ತಾಯಿ ತಡೆಯಲಾರದೆ ಪಿಸುಮಾತಿನಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಅಬ್ ತಾಲಿಯಾಂ ಮಾರನಾ ಕ್ಯಾ ಮೇಡಂ?" ಎಂದರು. ಈಗಲಾದರೂ ಚಪ್ಪಾಳೆ ಹೊಡೆಯಬಹುದೇ ಎಂದು. ಆಮೇಲೆ ಬಿದ್ದ ಚಪ್ಪಾಳೆಯಲ್ಲಿ ಜನರೇಟರಿನ ಸದ್ದೂ ಮುಳುಗಿತು.

ಬಸ್ ನಿಲ್ದಾಣದಲ್ಲಿ ಅಣ್ಣನನ್ನು ತರಾಟೆಗೆ ತೆಗೆದುಕೊಂಡೆ. ಅವನು ಶಾಂತವಾಗಿದ್ದ. "ನೀ ಚಪ್ಪಾಳಿ ಬ್ಯಾಡ ಅಂದಿ, ಆಯೇರಿ ಬ್ಯಾಡ ಅಂದಿಲ್ಲ. ಅಷ್ಟು ಮಂದಿ ಮುಂದ ಹುಡುಗಿ ಒಬ್ಬಾಕಿ ನಿಂತಾಳ, ಯಾರೂ ಭೇಷ್ ಅನವಲ್ರು. ತಂದಿ ಆದಾಂವ ಸುಮ್ಮ ಕುಂದ್ರಬೇಕೇನು?" ಬಸ್ಸು ಹತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ತೀರ್ಪನ್ನೂ ಕೊಟ್ಟ. "ಕಲೀಲಿ ಬಿಡು. ಬ್ಯಾಂಡಿನವ್ರು ಇಷ್ಟು ಮೆಲ್ಲಕ ಊದಂಗಿಲ್ಲ."

ಹಾಗಾಗಿ ಎಲ್ಲ ಸರಿಹೋಯಿತೆಂದೇ ಹೇಳಬೇಕು. ಆದರೂ ನನಗೊಂದು ಕೊರಗು ಉಳಿದಿದೆ. ನಡುವಿನ ಮೌನವನ್ನು ಕಾಯಲು ಹೋಗಿ ಕೊನೆಯದೊಂದು ಮೌನವನ್ನು ಅವಳ ಮೇಲೆ ಹೇರಿದೆನೋ ಏನೋ. ಮೊನ್ನೆ ಬೆಳಿಗ್ಗೆ ಅವಳು ವಾದ್ಯದ ಪೆಟ್ಟಿಗೆ ತೆರೆದು ಕೂತಿದ್ದಾಗ ಕುಕ್ಕರಿನ ಒಲೆ ಆರಿಸಿ ಬಂದು ಕೇಳಿದೆ: "ಗೌರಿ, ಖರೇ ಹೇಳು. ಕೊನಿಗೆ ಯಾರೂ ಚಪ್ಪಾಳಿ ಹೊಡಿಲಿಲ್ಲಲ್ಲ, ಅಷ್ಟೊತ್ತು ಅಲ್ಲೆ ನಿಂತು ನಿನಗ ಏನನಿಸ್ತು?" ಅವಳು ನನ್ನನ್ನೇ ನೋಡಿದಳು. ಏನೋ ಹೇಳಹೊರಟವಳು ರೀಡನ್ನು ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ರೀಡು ಬಾಯಲ್ಲಿದ್ದಾಗ ಮಾತಾಡಲು ಬರುವುದಿಲ್ಲ. ಅದಾದ ಮೇಲೂ ಕೇಳಿದ್ದೇನೆ. ನಾನು ಕೇಳಿದಾಗಲೆಲ್ಲ ಅವಳ ರೀಡು ಒಣಗಿರುತ್ತದೆ.