‘ನಿಲ್ಲಿಸು’ ಎಂಬರ್ಥದ ಸ್ಪ್ಯಾನಿಷ್ ಕ್ರಿಯಾಪದಕ್ಕೆ ಗಣಿ ಗುಮಾಸ್ತನ ಬಿನ್ನಹ

ಶಹಾಬಾದ, ಖುರ್ದಾದ್ ತಿಂಗಳು, ಫಸಲಿ ೧೩೪೪

ಸ್ಪೇನ್ ದೇಶದಲ್ಲಿ ಹುಟ್ಟಿ, ಮುಂಬಯಿಯಿಂದ ಅಂಚೆಯಲ್ಲಿ ಬಂದ ವ್ಯಾಕರಣ ಪುಸ್ತಕದೊಳಗೆ ಸಹಕುಟುಂಬ ಸಪರಿವಾರ ವಾಸವಾಗಿರುವ ಮಾನ್ಯ ‘ದೆತೆನೆರ್’ ಕ್ರಿಯಾಪದ ಮಹಾಶಯರೇ, ಇಲ್ಲಿನ ಫರಸಿ ಕಲ್ಲಿನ ಗಣಿಯ ಗುಮಾಸ್ತ ಮಡಿವಾಳಯ್ಯನ ಅನಂತ ಶರಣುಗಳು.

ನಮ್ಮ ಗಣಿಗೆ ಕಲ್ಲೆತ್ತುವ ಯಂತ್ರದೊಂದಿಗೆ ಸ್ಪೇನಿನ ಇಂಜಿನಿಯರ್ ಸಾಹೇಬರೊಬ್ಬರು ಬಂದರೆಂದೂ, ಅವರಿಗೆ ಇಂಗ್ಲಿಷೂ ಉರ್ದುವೂ ಬಾರದ ಕಾರಣ ಮಾಲೀಕರು ದುಭಾಷಿಯನ್ನು ಹುಡುಕಿದಾಗ ನಾನೇ ಮುಂದೆ ಬಿದ್ದು ಕೈ ಎತ್ತಿದೆನೆಂದೂ ತಮ್ಮ ಗಮನಕ್ಕೆ ತರುತ್ತೇನೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಅದೇ ರಾಗದಲ್ಲಿ, ಹಿಂದೆ ಮುಂದೆ ತೂಗುತ್ತ, ನಾನು ನಿಲ್ಲಿಸುತ್ತೇನೆ, ನೀನು ನಿಲ್ಲಿಸುತ್ತೀ ಎಂಬ ಆರು ರೂಪಗಳಿಂದ ಹಿಡಿದು ಕೊನೆಯಲ್ಲಿ ಅಪ್ಪಣೆ ಕೊಡುವ ‘ದೆತೆಂಗಾ’ದವರೆಗೆ ತಮ್ಮ ಮನೆಮಂದಿಯನ್ನೆಲ್ಲ ನಲವತ್ತು ದಿನ ಬಾಯಿಪಾಠ ಮಾಡಿದೆ. “ಇದೇನ್ ಹೊಸಾ ಮಂತ್ರ ಹಚ್ಚೀರಿ? ಎಮ್ಮಿ ಬೆದರಿ ಹಾಲೇ ಬಿಡವಲ್ದು” ಎಂದು ಮನೆಯಾಕೆ ಗುರುಲಿಂಗಮ್ಮ ಬೈದಳು. ನಾನದನ್ನು ವಿದ್ಯೆಯ ಪ್ರಭಾವವೆಂದೇ ತಿಳಿದೆ. ದುಭಾಷಿಯ ಕುರ್ಚಿ ಸಿಕ್ಕ ದಿನವೇ, ಸಾಹೇಬರಿಗೆ ಹೇಳುವ ಮಾತೆಲ್ಲ ನನ್ನ ಮುಖಾಂತರವೇ ಹೋಗತಕ್ಕದ್ದೆಂದು ಹುಕುಂ ಕೂಡ ಹೊರಡಿಸಿದೆ.

ಹೋದ ಸೋಮವಾರ ಕೂಲಿಯಾಳು ದೇವೀಂದ್ರಪ್ಪ ಕೆಳಗೆ ಬಗ್ಗಿ ಹಗ್ಗ ಬಿಗಿಯುತ್ತಿದ್ದಾಗ, ಅವನನ್ನು ಕಾಣದ ಸಾಹೇಬರು ಮೇಲಿದ್ದ ಚಪ್ಪಡಿಯನ್ನು ಇಳಿಸತೊಡಗಿದರು. ಯಂತ್ರದ ಸದ್ದಿನಲ್ಲಿ ಅವನಿಗೇನೂ ಕೇಳಿಸದು. ಕೂಲಿಯಾಳುಗಳ ಮುಕಾದಮ ಗುಲಾಮ ದಸ್ತಗೀರ, ಸಾಹೇಬರ ಪಕ್ಕದ ಕುರ್ಚಿಯಲ್ಲಿದ್ದ ನನ್ನತ್ತ ಓಡಿಬಂದು, “ಅಯ್ಯನೋರ, ನಿಂದ್ರಸಂತ ಹೇಳ್ರಿ! ಲಗೂ ಹೇಳ್ರಿ!” ಎಂದ. ಏಳೆಂಟ್ಲ ಎಷ್ಟೆಂದು ಕೇಳಿದರೆ ಏಳೊಂದ್ಲ ಏಳರಿಂದಲೇ ಹೊರಡುವ ಈ ಬಾಯಿ, ತಮ್ಮ ಮನೆಯ ಹಿರಿಯರನ್ನು ದಾಟಿ ‘ದೆತೆಂಗಾ’ಕ್ಕೆ ಹಾರಲು ಒಪ್ಪಲಿಲ್ಲ. ‘ದೆತೆಂಗೊ’ ಎಂದೆ, ‘ದೆತ್ಯೆನೆಸ್’ ಎಂದೆ. ನಾನು ಪಾಠ ಒಪ್ಪಿಸುತ್ತಿದ್ದೇನೆಂದು ಸಾಹೇಬರು ಮೆಚ್ಚಿ ತಲೆದೂಗಿದರು. ನಾನು ನಾಲ್ಕನೆಯ ರೂಪಕ್ಕೆ ಬರುವಷ್ಟರಲ್ಲಿ ದೇವೀಂದ್ರಪ್ಪನ ಹೆಂಡತಿ ಯಂಕಮ್ಮ ತಲೆಯ ಮೇಲಿನ ಬುಟ್ಟಿ ಒಗೆದು, ಸಾಹೇಬರಿಗೆ ಎರಡೂ ಕೈ ಅಡ್ಡ ಹಿಡಿದು, “ಯಪ್ಪಾ, ನಿಂದ್ರಸ್ರೀ!” ಎಂದು ಚೀರಿದಳು. ಯಂತ್ರ ನಿಂತಿತು. ಚಪ್ಪಡಿಗೂ ಅವನ ಬೆನ್ನಿಗೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ. ಮಹಾಶಯರೇ, ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಆರೂ ರೂಪಗಳನ್ನು ತಪ್ಪಿಲ್ಲದೆ ಬಲ್ಲವನು ಈ ತಾಲೂಕಿನಲ್ಲಿ ನಾನೊಬ್ಬನೇ ಎಂಬ ಕೀರ್ತಿಯನ್ನು ಕರುಣಿಸಿದ ತಮ್ಮಲ್ಲಿ ಇಷ್ಟೇ ಪ್ರಾರ್ಥನೆ: ಇನ್ನು ಮೇಲೆ ಅಪ್ಪಣೆಯ ರೂಪವನ್ನು ಪಂಕ್ತಿಯ ಮೊದಲಿಗೆ ಕೂರಿಸಬೇಕು; ಅದು ತಮ್ಮ ಮನೆತನದ ಮರ್ಯಾದೆಗೆ ಕುಂದಾದರೆ, ನನ್ನ ಪಾಠ ಮುಗಿಯುವ ತನಕ ಕಲ್ಲುಗಳು ಗಾಳಿಯಲ್ಲೇ ಕಾದಿರುವಂತೆ ಭೂಮಿತಾಯಿಗೆ ಒಂದು ಶಿಫಾರಸು ಪತ್ರ ಬರೆದುಕೊಡಬೇಕು. ದುಭಾಷಿಯ ಕುರ್ಚಿಯನ್ನು ಮಾಲೀಕರು ಈಗ ಯಂಕಮ್ಮನಿಗೆ ಕೊಟ್ಟಿದ್ದಾರೆ. ಅವಳು ಅದರಲ್ಲಿ ಕೂರುವುದಿಲ್ಲ, ಪಕ್ಕದಲ್ಲಿ ನಿಂತು ಕೆಳಗೆ ನೋಡುತ್ತಿರುತ್ತಾಳೆ.

ಆರೂ ರೂಪಗಳಲ್ಲಿ ತಮ್ಮ ವಿಶ್ವಾಸಿ,
ಮಡಿವಾಳಯ್ಯ

ತಾ.ಕ.: ದೇವೀಂದ್ರಪ್ಪ ಈಗಲೂ ಅದೇ ಯಂತ್ರದ ಕೆಳಗೆ ಕೆಲಸ ಮಾಡುತ್ತಾನೆ. ಬಗ್ಗುವ ಮುಂಚೆ ಒಮ್ಮೆ ತಲೆ ಎತ್ತಿ, ಯಂಕಮ್ಮ ಬಂದಿದ್ದಾಳೆಯೇ ಎಂದು ನೋಡಿಕೊಳ್ಳುತ್ತಾನೆ. ನಾನು ಬಂದಿದ್ದೇನೆಯೇ ಎಂದು ಗಣಿಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ.