ಕಲ್ಲೂರಿನಲ್ಲಿ ಬಾಗಿಲುಗಳ ಮನೆ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎನ್ನುವುದರಲ್ಲಿ ಚನ್ನಗಿರಿಯಿಂದ ಜಗಳೂರಿನವರೆಗೆ ಎರಡು ಅಭಿಪ್ರಾಯವಿಲ್ಲ. ಬಿಳಿಚೋಡಿನ ಹತ್ತಿರದ ಅವನ ಹಳ್ಳಿಯಲ್ಲಿ ಎಲ್ಲರೂ ಒಪ್ಪಿದ ವಿಷಯ ಇದೊಂದೇ! ನೀವೇ ಹೇಳಿ: ಕಾಲಿಟ್ಟಲ್ಲೆಲ್ಲ ಕಲ್ಲು ಎಡವುವ ಊರಿನಲ್ಲಿ, ಉಳುವಾಗಲೂ ಮಣ್ಣಿಗಿಂತ ಮೊದಲು ಕಲ್ಲೇ ಏಳುವ ಹೊಲವಿಟ್ಟುಕೊಂಡು, ಪುಕ್ಕಟೆ ಸಿಗುವುದನ್ನು ಬಿಟ್ಟು ಮರದ ಮನೆ ಕಟ್ಟುತ್ತೇನೆಂದು ಹೊರಟವನಿಗೆ ಏನನ್ನಬೇಕು? ನೆರಳಿಗೆ ನಿಲ್ಲಲು ಮರವಿಲ್ಲದ ಊರು ಅದು. ಅಲ್ಲಿ ಮರದ ಗೋಡೆ!

ಹುಚ್ಚಿಗೆ ಹಿನ್ನೆಲೆಯಿದೆ, ಬಚ್ಚಿಡುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಆ ಕಡೆ ಎಂದೂ ಇಲ್ಲದ ಜಡಿಮಳೆ ಹಿಡಿದು, ಅವನ ಕಲ್ಲು-ಮಣ್ಣಿನ ಮನೆಯ ಮುಂಗೋಡೆ ಒಳಕ್ಕೆ ಬಿತ್ತು. ಅವನ ಒಬ್ಬಳೇ ಮಗಳು ಆ ಗೋಡೆಯ ಬುಡದಲ್ಲಿ ಕೂತಿದ್ದಳು. ಇನ್ನೂ ಹತ್ತು ವರ್ಷದ ಹುಡುಗಿ. ಅಂದಿನಿಂದ ನಮ್ಮತ್ತೆ ಯಾವ ಸೂರಿನಡಿಯೂ ಮಲಗಲಿಲ್ಲ. ಹಿತ್ತಲಿನಲ್ಲಿ ಎತ್ತಿನ ಗಾಡಿ, ಅದರ ಮೇಲೊಂದು ಕಂಬಳಿ. ಹನಿ ಬಿದ್ದರೆ ಗಾಡಿಯ ಕೆಳಗೆ. ಒಳಗೆ ಬಾ ಎಂದವರಿಗೆಲ್ಲ ಅವಳದು ಒಂದೇ ಮಾತು: “ನೀವು ಹೋಗಿ ಮಲಗ್ರಿ.” ಅವಳು ನಂಬಿ ಮಲಗುವಂಥ ಮನೆ ಕಟ್ಟಬೇಕು. ಮಾವನಿಗೆ ಬದುಕಿನಲ್ಲಿ ಉಳಿದ ಕೆಲಸ ಅದೊಂದೇ.

ಹಾಗೆಂದು ತರ್ಕದಲ್ಲಿ ರಿಯಾಯಿತಿ ಕೊಡಲಾಗುತ್ತದೆಯೇ? ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಬಹುಮಾನ ಹೊಡೆದವನು!

“ಮಾವ, ಮರಕ್ಕೆ ಗೆದ್ದಲು ಹಿಡೀತೈತೆ.”

“ಒಂದು ಹಲಗೆ ತಿನ್ನಾಕೆ ಗೆದ್ದಲಿಗೆ ಎಷ್ಟು ವರ್ಷ ಬೇಕೋ ಅಳಿಯ?”

“ನಾಲ್ಕೈದು ವರ್ಷ ಅನ್ನು.”

“ಅಷ್ಟು ಪುರುಸೊತ್ತು ಕೊಡ್ತೈತಲ್ಲಪ್ಪ!”

“ಬೆಂಕಿ ಬಿದ್ರೆ?”

“ಹೊಗೆ ಬರ್ತೈತೆ, ನಾತ ಬರ್ತೈತೆ, ಎದ್ದು ಓಡಬೌದು. ಕಲ್ಲು ಬೀಳಾಕೆ ಮುಂಚೆ ಕೆಮ್ಮಿ ಹೇಳ್ತೈತೇನು? ಮರ ಹಂಗಲ್ಲ. ಮೊದಲು ಕಿರ್ರ್ ಅಂತೈತೆ, ಆಮ್ಯಾಲೆ ಲಟಲಟ ಅಂತೈತೆ. ಹೇಳಿ ಬೀಳ್ತೈತೆ.”

“ಹಂಗಾದ್ರೆ ಇಟ್ಟಿಗೆ ತರಿಸು, ಸಿಮೆಂಟು ಹಾಕಿಸು.”

“ಇಟ್ಟಿಗೆ ಅಂದ್ರೆ ಸಣ್ಣ ಕಲ್ಲು. ಮೈಮ್ಯಾಲೆ ಬಿದ್ದಾಗ ಸಣ್ಣದೇನು, ದೊಡ್ಡದೇನು?”

ಸ್ಪರ್ಧೆಯಲ್ಲಾಗಿದ್ದರೆ ಇಂಥ ವಾದಕ್ಕೆ ಗಂಟೆ ಬಾರಿಸಿ ಕೂರಿಸುತ್ತಿದ್ದರು. ಇಲ್ಲಿ ಗಂಟೆ ಬಾರಿಸುವವರು ಯಾರು?

ಇನ್ನು, ಮರ ಎಲ್ಲಿಂದ ಬರಬೇಕು? ಆಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಸ್ಥಿತಿವಂತರೆಲ್ಲ ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸುತ್ತಿದ್ದರು. ಯಾರದೋ ಮನೆ ಕೆಡವುತ್ತಾರೆಂಬ ಸುದ್ದಿ ಸಿಕ್ಕರೆ ಸಾಕು, ಮಾವ ಹಾಜರ್! ಸಾವಿನ ಮನೆಗೆ ಬಂದ ನೆಂಟನ ಹಾಗೆ ಮುಖ ಸಣ್ಣದು ಮಾಡಿಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದ. ತೊಲೆ ಬೇಡ, ಕಂಬ ಬೇಡ, ಅವನಿಗೆ ಬಾಗಿಲೇ ಬೇಕು! ಸಾಸ್ವೆಹಳ್ಳಿಯಿಂದ ಹಲಸಿನ ಬಾಗಿಲೊಂದನ್ನು ಬಸ್ಸಿನ ಮೇಲೆ ಹೇರಿಸಿದಾಗ ಕಂಡಕ್ಟರು ತಡೆದ.

“ಯಜಮಾನ್ರೇ, ಇದಕ್ಕೂ ಟಿಕೆಟ್ ಆಗ್ತೈತೆ.”

“ಒಂಟಿ ಕದ ಐತ್ರೀ. ಹಾಫ್ ಹರೀರಿ.”

ಬಸ್ಸಿಗೆ ಬಸ್ಸೇ ನಕ್ಕಿತು. ಮಾವ ನಗಲಿಲ್ಲ. ಹಾಫ್ ಟಿಕೆಟ್ ಕೇಳುವುದು ಅವನಿಗೆ ತಪ್ಪಿಹೋಗಿ ಆಗಲೇ ಎರಡು ವರ್ಷವಾಗಿತ್ತು.

ಅಂತೂ ಮನೆ ಎದ್ದಿತು. ಗೋಡೆಯೆಂಬುದೇ ಇಲ್ಲ! ಬಾಗಿಲ ಪಕ್ಕ ಬಾಗಿಲು, ಅದರ ಪಕ್ಕ ಇನ್ನೊಂದು ಬಾಗಿಲು, ಮೇಲೆ ತಗಡು. ನ್ಯಾಮತಿಯ ಸಾಹುಕಾರರ ಆನೆ ಕೆತ್ತಿದ ತಲೆಬಾಗಿಲಿಗೆ ಹೆಗಲು ಕೊಟ್ಟು ಹೊನ್ನಾಳಿಯ ಯಾರದೋ ಬಚ್ಚಲ ಬಾಗಿಲು ನಿಂತಿತ್ತು. ಅಂಚೆಯವನು ಯಾವುದನ್ನು ಬಡಿಯಬೇಕೆಂದು ತಿಳಿಯದೆ ಬೀದಿಯಲ್ಲೇ ನಿಂತು ಕೂಗುತ್ತಿದ್ದ. ಸಾಲದ್ದಕ್ಕೆ ಮಾವ ಕದಗಳನ್ನೆಲ್ಲ ಹೊರಕ್ಕೆ ತೆರೆಯುವಂತೆ ಕೂರಿಸಿದ್ದ. ಗೃಹಪ್ರವೇಶದ ದಿನ ಊರಿನ ಹಿರಿಯರೊಬ್ಬರು ಹೋಳಿಗೆ ಊಟ ಮುಗಿಸಿ, ಎಲೆ-ಅಡಿಕೆ ಹಾಕಿಕೊಂಡು, “ಶಿವನೇ” ಎಂದು ಗೋಡೆಗೆ ಒರಗಿದರು. ಮರುಕ್ಷಣ ಅಂಗಳದಲ್ಲಿದ್ದರು! ಎಲ್ಲರೂ ಅವರನ್ನೆತ್ತಲು ಓಡಿದರೆ ಮಾವ ಮಾತ್ರ ಕುಣಿದಾಡಿಬಿಟ್ಟ: “ನೋಡಿದ್ರಾ? ಮನುಷ್ಯ ಬಿದ್ದ, ಗೋಡೆ ಬೀಳ್ಲಿಲ್ಲ!”

ಆ ಸಂಜೆ ಜನವೆಲ್ಲ ಹೋದ ಮೇಲೆ ಅತ್ತೆ ಗಾಡಿಯಿಂದ ಇಳಿದು ಬಂದಳು. ಹೊರಗಿನಿಂದ ಒಂದು ಸುತ್ತು ಹಾಕಿದಳು. ಆಮೇಲೆ ಒಳಗೆ ಬಂದು ಒಂದೊಂದೇ ಕದವನ್ನು ಅಂಗೈಯಿಂದ ನೂಕಿ ನೋಡಿದಳು.

“ಎಲ್ಲಾ ತೆಗೀತಾವಾ?”

“ಕಾಲಲ್ಲಿ ಒದ್ರೂ ತೆಗೀತಾವೆ,” ಎಂದ ಮಾವ.

ಎಲ್ಲವನ್ನೂ ತೆರೆದಿಟ್ಟು, ನಟ್ಟನಡುವೆ ಕಂಬಳಿ ಹಾಸಿಕೊಂಡಳು. ಇಷ್ಟು ಬಾಗಿಲು ಕೂಡಿಹಾಕಿ ಕಟ್ಟಿದ ಮನೆ ಅಂದು ಬರೀ ಒಂದು ತಗಡಿನ ಚಪ್ಪರವಾಗಿತ್ತು. ದಿನ ಕಳೆದಂತೆ ಅವಳೇ ಒಂದನ್ನು ಮುಚ್ಚಿದಳು, ಇನ್ನೊಂದು ವಾರಕ್ಕೆ ಮತ್ತೊಂದನ್ನು.

ಕಳೆದ ಚಳಿಗಾಲದಲ್ಲಿ ನಾನು ಹೋದಾಗ ಒಂದೇ ಒಂದು ತೆರೆದಿತ್ತು. ಕೆತ್ತನೆಯಿಲ್ಲದ, ಮಾಸಿದ ಬೇವಿನ ಬಾಗಿಲು. ಗಾಳಿ ನೇರ ಕತ್ತಿಗೇ ಹೊಡೆಯುತ್ತಿತ್ತು. ಮುಚ್ಚೋಣವೆಂದು ಎದ್ದೆ. ಮಾವ ಮಣಿಕಟ್ಟು ಹಿಡಿದು ನನ್ನನ್ನು ಹೊರಗೆ ಕರೆದುಕೊಂಡು ಹೋದ.

“ಅದು ಹಳೇ ಮನೇದು. ಗೋಡೆ ಬಿದ್ದ ದಿನ ಅದೊಂದೇ ನಿಂತಿತ್ತು, ಚೌಕಟ್ಟಿನ ಸಮೇತ.” ಒಳಗೊಮ್ಮೆ ಇಣುಕಿ ದನಿ ತಗ್ಗಿಸಿದ. “ಹುಡುಗಿ ಅದರ ಹೊಸ್ತಿಲ ಮ್ಯಾಲೇ ಕುಂತು ಮಳೆ ನೋಡ್ತಿತ್ತು ಕಣೋ. ಇರಚಲು ಹೊಡೀತೈತೆ, ಒಳಗೆ ಗೋಡೆ ಬದಿಗೆ ಕುಂತ್ಕೋ ಅಂತ ನಿಮ್ಮತ್ತೇನೇ ಕರೆದು ಬಾಗ್ಲು ಹಾಕಿದ್ಲು.”

ನನ್ನಲ್ಲಿ ಉತ್ತರವಿತ್ತು. ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಯಾರೂ ಮುರಿಯಲಾಗದ ವಾದ. ಮಾವ ಅದನ್ನು ಅವಳೆದುರು ಎಷ್ಟು ಸಲ ಮಂಡಿಸಿ ಸೋತಿದ್ದನೋ! ನಾನು ಕೇಳಿದ್ದು ಇಷ್ಟೇ: “ಹಿಂಗೇ ತೆರೆದಿದ್ರೆ ನಾಯಿ ಗೀಯಿ ಒಳಗೆ ಬರಲ್ವಾ?”

“ಬರಲ್ಲ.”

ಯಾಕೆ ಬರುವುದಿಲ್ಲವೆಂದು ಊಟವಾದ ಮೇಲೆ ಗೊತ್ತಾಯಿತು. ಅತ್ತೆ ಒಳಗೆ ಕಂಬಳಿ ಹೊದ್ದು ಮಲಗಿದಳು. ಮಾವ ಆ ತೆರೆದ ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಸಿ, ಹೊರಗಿನ ಗಾಳಿಗೆ ಬೆನ್ನು ಕೊಟ್ಟು, ಮೊಣಕಾಲು ಎದೆಗೆ ಮಡಚಿಕೊಂಡ. ಅವನು ಮಲಗಿದ ಮೇಲೆ ಒಳಗೆ ಅಷ್ಟೇನೂ ಚಳಿಯಾಗಲಿಲ್ಲ.