ಕೊಳವೆಯೊಳಗೊಂದು ಕೊಳವೆ

ಕುಪ್ಪಗಡ್ಡೆಯ ನಮ್ಮ ಮನೆಗೆ ಬಂದವರಿಗೆಲ್ಲ ಅಪ್ಪ ಬಚ್ಚಲ ಮಾಡಿನ ಮೇಲೆ ಹೊಳೆಯುವ ಸ್ಟೀಲಿನ ಹೊಗೆಕೊಳವೆಯ ತುದಿ ತೋರಿಸಿ, "ನಮ್ಮ ಮಗಳು ವಾದ ಮಾಡಿ ಗೆದ್ದಿದ್ದು" ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಗೆಲುವು ಎನ್ನಬೇಕಾದರೆ ಎದುರಿಗೊಬ್ಬ ಪ್ರತಿವಾದಿ ಇರಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠವೇ ಅದು. ನಮ್ಮ ಮನೆಯಲ್ಲಾದರೋ ನಾನು ಬಾಯಿ ತೆರೆದ ಕೂಡಲೇ ಅಪ್ಪನಿಗೆ ಗದ್ದೆಯ ಕೆಲಸ, ಅಮ್ಮನಿಗೆ ಉಕ್ಕುತ್ತಿರುವ ಹಾಲು ನೆನಪಾಗುತ್ತವೆ. ಉಳಿಯುವವಳು ಅಜ್ಜಿ. ಅವಳಿಗೆ ಎಡಗಿವಿ ಕೇಳಿಸದು. ನನ್ನನ್ನು ಕಂಡರೆ ಆ ಕಿವಿಯನ್ನೇ ನನ್ನ ಕಡೆ ತಿರುಗಿಸಿ ಕೂರುತ್ತಾಳೆ.

ಆ ಕೊಳವೆ ತಂದ ದಿನಗಳಲ್ಲಿ ಅಕ್ಕ ಹೆರಿಗೆಯಾಗಿ, ಸೊರಬದ ಆಸ್ಪತ್ರೆಯಿಂದ ಕೂಸಿನೊಂದಿಗೆ ಮನೆಗೆ ಬರುವವಳಿದ್ದಳು. ಬಾಣಂತಿ ನೀರಿಗೆ ಗೀಸರ್ ಸಾಲದು, ಹಂಡೆಯೇ ಆಗಬೇಕೆಂಬುದು ಅಜ್ಜಿಯ ಕಾನೂನು. ಆದರೆ ಹಂಡೆಯೊಲೆಯ ಹಳೆಯ ಸಿಮೆಂಟು ಕೊಳವೆ ಬಿರುಕು ಬಿಟ್ಟು, ಹೊಗೆ ಪಕ್ಕದ ಬಾಣಂತಿ ಕೋಣೆಗೇ ನುಗ್ಗುತ್ತಿತ್ತು. ಹಸುಗೂಸು ಆ ಹೊಗೆ ಕುಡಿಯಬೇಕೇ? ನನಗೆ ನಿದ್ದೆ ಹತ್ತಲಿಲ್ಲ. ಹಳೆಯದನ್ನು ಕಿತ್ತರೆ ಅರ್ಧ ಗೋಡೆಯೂ ಜೊತೆಗೆ ಬರುತ್ತದೆ. ಅದರೊಳಗೇ ಇನ್ನೊಂದು ಸಪೂರ ಕೊಳವೆ ಇಳಿಸುವುದೊಂದೇ ದಾರಿ. ತಗಡಿನದೋ, ಸ್ಟೀಲಿನದೋ ಎಂಬುದಷ್ಟೇ ಪ್ರಶ್ನೆ.

ಅಪ್ಪನನ್ನು ಹೊರಡಿಸಿಕೊಂಡು ಶಿರಾಳಕೊಪ್ಪಕ್ಕೆ ಹೋದೆ. ಅಂಗಡಿಯವರು ತಗಡಿನದನ್ನು ಮುಂದಿಟ್ಟು, ಎಲ್ಲರೂ ಇದನ್ನೇ ಒಯ್ಯುವುದು ಎಂದರು. ಎಲ್ಲರೂ ಒಯ್ಯುವುದು ಪುರಾವೆಯಲ್ಲ ಎಂದೆ. ಅಡಿಕೆ ಸಿಪ್ಪೆ ಉರಿಸುವ ಒಲೆಯ ಹೊಗೆಗೆ ಅಂಟು ಹೆಚ್ಚು, ಒಳಗೆ ಹಿಡಿದ ಮಸಿಗೆ ಮಳೆನೀರು ತಾಗಿದರೆ ತಗಡು ತೂತಾಗುತ್ತದೆ, ಕೊಳವೆಯೊಳಗಿನ ಕೊಳವೆ ತೂತಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ವಿಷಯ ಮಂಡಿಸಿದೆ. ಅವರು ನನ್ನನ್ನು ಬಿಟ್ಟು ಅಪ್ಪನನ್ನು ಕೇಳಿದರು: "ಯಜಮಾನ್ರೇ, ಇವ್ರು ಲಾಯರ್ರೇನ್ರೀ?"

"ಇನ್ನೂ ಇಲ್ಲ ಕಣ್ರೀ. ಸದ್ಯ ನಮ್ಮ ಮೇಲೆ ಪ್ರಾಕ್ಟೀಸು. ಸ್ಟೀಲಿಂದೇ ಕೊಟ್ಬಿಡಿ."

ಇದನ್ನು ಗೆಲುವು ಎನ್ನುತ್ತೀರಾ?

ಅಂತೂ ಅಪ್ಪ ಮಾಡು ಹತ್ತಿ ಕೊಳವೆ ಇಳಿಸಿ, ಮಳೆನೀರು ಬೀಳದಂತೆ ಮೇಲೊಂದು ಟೋಪಿ ಕೂರಿಸಿದರು. ಪರೀಕ್ಷೆಗೆಂದು ಹಸಿ ಸಿಪ್ಪೆಯನ್ನೇ ಒಲೆಗೆ ತುಂಬಿಸಿದೆ. ಬಾಣಂತಿ ಕೋಣೆಯ ಗೋಡೆಯನ್ನು ಬೆಕ್ಕಿನಂತೆ ಮೂಸುತ್ತ ಸುತ್ತಿದೆ. ಹೊಗೆಯ ಒಂದೆಳೆಯೂ ಇಲ್ಲ. ಅಂದು ಉಂಡ ಗಂಜಿಯೂ ಹಬ್ಬದೂಟದಂತೆ ರುಚಿಸಿತು.

ಅಕ್ಕ ಬಂದಳು. ಹಂಡೆ ಕುದಿಯಿತು. ಅಜ್ಜಿ ಕೂಸನ್ನು ಕಾಲಮೇಲೆ ಹಾಕಿಕೊಂಡು ಮೀಯಿಸಿ, ಬಟ್ಟೆಯಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟಳು. ಆಮೇಲೆ ಅದೇ ಹಂಡೆಯೊಲೆಯಿಂದ ಮಡಕೆಯ ಚೂರಿನಲ್ಲಿ ಕೆಂಡ ತಂದು, ಕೋಣೆಯ ನಟ್ಟನಡುವೆ ಇಟ್ಟು, ಹಿಡಿ ತುಂಬ ಸಾಂಬ್ರಾಣಿ ಸುರಿದಳು. ಮೋಡವೇ ಎದ್ದಿತು. ಅಕ್ಕ ಒದ್ದೆ ಕೂದಲನ್ನು ಅದರ ಮೇಲೆ ಹರವಿಕೊಂಡು ಸುಖವಾಗಿ ಕಣ್ಣು ಮುಚ್ಚಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, "ಬಾಗ್ಲು ಹಾಕೇ ಮಾರಾಯ್ತಿ, ಹೊಗೆ ಎಲ್ಲಾ ಹೊರಗೆ ಹೋಗ್ತದೆ" ಎಂದಳು.

ಬಾಗಿಲು ಹಾಕಿದವಳು ನಾನೇ. ಹಾಕಿ, ಕೂಸಿನ ಪಕ್ಕದ ಕಿಟಕಿಯನ್ನು ಮಾತ್ರ ಸದ್ದಿಲ್ಲದೆ ಅಂಗೈಯಗಲ ತೆರೆದೆ. ಅಜ್ಜಿ ನೋಡಿ, ಕೆಂಡಕ್ಕೆ ಇನ್ನೊಂದು ಚಿಟಿಕೆ ಸಾಂಬ್ರಾಣಿ ಹಾಕಿದಳು. ಕೂಸು ಒಂದು ಸೀನು ಸೀನಿ ನಿದ್ದೆಹೋಯಿತು. ನಾನು ಕೆಂಡದ ಆಚೆಗೆ ದಾಟಿ, ಕೇಳಿಸುವ ಬಲಗಿವಿಯ ಬಳಿಯೇ ಬಗ್ಗಿ ಕೇಳಿದೆ:

"ಅಜ್ಜಿ, ಈ ಹೊಗೆಗೆ ಯಾವ ಕೊಳವೆ ತರ್ಬೇಕಿತ್ತು?"